ಮೂರು ಮಿಲಿಮೀಟರ್ ಸುಳ್ಳು

ನಂಜುಂಡನ್ ಪೆನ್ನಿನ ಮುಚ್ಚಳ ತೆಗೆದಾಗಿತ್ತು. ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿ ಮೂಗಿನ ಮೇಲೆ ಕೂರಿಸಿಕೊಂಡದ್ದೂ ಆಗಿತ್ತು. ಇನ್ನೇನು ನಿಬ್ಬು ಕಾಗದಕ್ಕೆ ತಾಗಬೇಕು, ಅಷ್ಟರಲ್ಲಿ ಒಂದು ಕೈ ಬಂದು ಆ ಕಾಗದದ ಮೇಲೆ ಬೆರಳು ಬಿಡಿಸಿಕೊಂಡು ಕೂತಿತು. ಸಹಿ ಬೀಳಬೇಕಾದ ಜಾಗ ಅದರಡಿ ಮುಚ್ಚಿಹೋಯಿತು.

ಮಗಳ ಕೈ.

"ಪೆನ್ನು ಕೆಳಗಿಡಪ್ಪಾ," ಅಂದಳು ಜಯಪ್ರಿಯಾ.

ನಂಜುಂಡನ್ ತಲೆ ಎತ್ತಲಿಲ್ಲ. "ಕೈ ತಗಿ ಅಮ್ಮಿಣಿ. ಹಿರಿಯರು ಕೂತವ್ರೆ."

"ಹಿರಿಯರು ಕೂತಿರಲಿ. ನಾನು ನಿಂತಿದೀನಿ."

ಹತ್ತೊಂಬತ್ತು ದಿನದ ಹಿಂದೆ, ಕೊಯಮತ್ತೂರಿನ ಗಣಪತಿ ಬಡಾವಣೆಯ ಈ ಕಾರ್ಖಾನೆಯಲ್ಲಿ, ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷೆ ಮಾಡುವಾಗ ಪಂಪಿನ ಕೇಸಿಂಗ್, ಅಂದರೆ ಹೊರಗಿನ ಕಬ್ಬಿಣದ ಕವಚ, ಒಡೆದು, ಪರೀಕ್ಷೆಯ ಕೆಲಸದ ಕರುಪ್ಪುಸಾಮಿ ನಿಂತಲ್ಲೇ ಪ್ರಾಣ ಬಿಟ್ಟಿದ್ದ. ಹನ್ನೆರಡು ಮಿಲಿಮೀಟರ್ ದಪ್ಪ ಇರಬೇಕಾದ ಕಬ್ಬಿಣದ ಗೋಡೆ ಎಂಟೇ ಇತ್ತು.

ಆ ಕೇಸಿಂಗಿಗೆ ಮರದ ಪ್ಯಾಟರ್ನ್ ಮಾಡಿದವರು ನಂಜುಂಡನ್. ಪ್ಯಾಟರ್ನ್ ಅಂದರೆ ಮರದಲ್ಲಿ ಕಡೆದ ರೂಪ. ಅದನ್ನು ಮರಳಿನಲ್ಲಿ ಒತ್ತಿ ಮೆಲ್ಲನೆ ಹೊರಗೆ ತೆಗೆದರೆ ಒಂದು ಪೊಳ್ಳು ಉಳಿಯುತ್ತದೆ. ಆ ಪೊಳ್ಳಿಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಮರ ಹೇಗಿತ್ತೋ ಕಬ್ಬಿಣವೂ ಹಾಗೆ. ಮರ ತೆಳುವಾದರೆ ಕಬ್ಬಿಣವೂ ತೆಳು.

ಮೇಜಿನ ಮೇಲಿದ್ದ ಕಾಗದದಲ್ಲಿ ಇದ್ದದ್ದು ಅಷ್ಟೇ. ಡ್ರಾಯಿಂಗಿನಲ್ಲಿ ಹನ್ನೆರಡು ಅಂತ ಇದ್ದರೂ ಎಂಟಕ್ಕೆ ಕಡೆದದ್ದು ನಾನು, ಈ ಸಾವು ನನ್ನ ಕೈಯಿಂದ ಆದದ್ದು, ಅಂತ. ನಂಜುಂಡನ್ ಸಹಿ ಹಾಕಿದರೆ ತನಿಖಾಧಿಕಾರಿ ಪಳನಿಸಾಮಿಯವರ ವರದಿ ಅದೇ ಸಂಜೆ ಮುಗಿಯುತ್ತಿತ್ತು. ಆಮೇಲೆ ಪೊಲೀಸು, ಕೋರ್ಟು. ಅದಕ್ಕಿಂತ ದೊಡ್ಡದು ಒಂದಿತ್ತು. ನಲವತ್ತು ವರ್ಷ ಮರಕ್ಕೆ ಕೈಮುಗಿದು ಉಳಿ ಹಿಡಿದ ಮನುಷ್ಯನ ಹೆಸರಿಗೆ ಒಂದು ಹೆಣ ಅಂಟಿಕೊಳ್ಳುತ್ತಿತ್ತು.

ಕೋಣೆಯಲ್ಲಿ ಐದು ಜನ. ಮೇಜಿನ ಆ ಬದಿಗೆ ಯಜಮಾನ ದೀನದಯಾಳನ್. ಪಕ್ಕದಲ್ಲಿ ಪಳನಿಸಾಮಿ. ಈ ಬದಿಗೆ ಅಪ್ಪ, ಮಗಳು. ಬಾಗಿಲ ಬಳಿ, ಗೋಡೆಗೆ ಬೆನ್ನು ಕೊಟ್ಟು, ಸತ್ತ ಕರುಪ್ಪುಸಾಮಿಯ ಹೆಂಡತಿ ಸಾಂತಿ. ಹನ್ನೆರಡು ವರ್ಷದಿಂದ ಈ ಆಫೀಸಿನ ಬೀಗ ತೆಗೆದು, ಗುಡಿಸಿ, ಗೋಡೆಯ ಮುರುಗನ ಪಟಕ್ಕೆ ಹೂವಿಟ್ಟು ದೀಪ ಹಚ್ಚುವವಳು ಅವಳೇ. ಇವತ್ತು ಹೇಳಿಕೆ ಕೊಡಲು ಕರೆಸಿದ್ದರು. ಬಂದವಳು ಅಭ್ಯಾಸದ ಬಲದಿಂದ ಮೊದಲು ದೀಪ ಹಚ್ಚಿ ಆಮೇಲೆ ಗೋಡೆಗೆ ಹೋಗಿ ನಿಂತಿದ್ದಳು.

ಪಳನಿಸಾಮಿಗೆ ಕನ್ನಡ ಬಾರದು. ಉಳಿದ ನಾಲ್ವರಿಗೂ ಅದು ಅಡುಗೆಮನೆಯ ಮಾತು. ಬೀದಿಗೆ, ಶಾಲೆಗೆ, ಕೆಲಸಕ್ಕೆಲ್ಲ ತಮಿಳು. ಹಿತ್ತಲಲ್ಲಿ ನಿಂತು ಬೈಯಲು, ಮುದ್ದಿಸಲು, ದೇವರ ಮುಂದೆ ಗೊಣಗಲು ಕನ್ನಡ. ದೀನದಯಾಳನ್ ಈಗ ಆ ಮಾತಿಗೆ ಇಳಿದರು. ಅಧಿಕಾರಿಗೆ ತಿಳಿಯಬಾರದ್ದನ್ನು ಹೇಳಲು ಅದಕ್ಕಿಂತ ಒಳ್ಳೆಯ ಬೀಗ ಇರಲಿಲ್ಲ.

"ನಂಜುಂಡಣ್ಣ ತಾನೇ ಒಪ್ಪಿ ಬಂದವ್ರೆ. ನಾನೇನು ಕುತ್ತಿಗೆ ಹಿಡಿದು ಕರ್ಕೊಂಡು ಬಂದ್ನಾ? ನಾವು ನಾವು ಮಾತಾಡ್ಕೊಂಡು ಮುಗಿಸೋದನ್ನ ನೀನು ಬೀದಿಗೆ ತರ್ಬೇಡ ಟೀಚರಮ್ಮ."

"ಹತ್ತೊಂಬತ್ತು ದಿನದಿಂದ ನಮ್ಮಪ್ಪ ಊಟಕ್ಕೆ ಹಾಕು ಅನ್ನೋದು ಬಿಟ್ರೆ ಬೇರೆ ಮಾತಾಡಿಲ್ಲ. ಇಷ್ಟುದ್ದ ಕಾಗದ ಅವರ ಬಾಯಿಂದ ಬಂತಾ? ಇದನ್ನ ಟೈಪ್ ಮಾಡಿಸಿದ್ದು ಯಾರು?"

ದೀನದಯಾಳನ್ ನಕ್ಕರು. ಟೈಪ್ ಮಾಡಿಸಿದ್ದು ತಾನೇ ಅಂತ ಮುಚ್ಚಿಡಲಿಲ್ಲ. ಮೇಜಿನ ಬದಿಯಲ್ಲಿ ಉರುಳೆಯಾಗಿ ಇಟ್ಟಿದ್ದ ಡ್ರಾಯಿಂಗನ್ನು ಎತ್ತಿ ಮುಂದೆ ತಳ್ಳಿದರು. ಇದು ಶಣ್ಮುಗಂ ಕೈಯಲ್ಲಿ ಬರೆದದ್ದು ಅಂದರು. ಮೂವತ್ತು ವರ್ಷ ಇಲ್ಲಿ ಡ್ರಾಯಿಂಗ್ ಬರೆದವನು, ಕೊರೊನಾದಲ್ಲಿ ಹೋದ. ಹಾಳೆಯ ತಾರೀಕು ಅದಕ್ಕೂ ಎರಡು ವರ್ಷ ಹಿಂದಿನದು. ಮೊನ್ನೆ ಬೀರುವಿನಲ್ಲಿ ಸಿಕ್ಕಿತು. ಹನ್ನೆರಡು ಅಂತ ಚೆನ್ನಾಗಿ ಬರೆದಿದೆ, ಓದಿಕೋ.

"ಸತ್ತೋನು ಎದ್ದು ಬಂದು ಸುಳ್ಳು ಬರೀತಾನಾ?"

ಜಯಪ್ರಿಯಾ ಪಳನಿಸಾಮಿಯವರ ಕಡೆ ತಿರುಗಿದಳು. ತಮಿಳಿನಲ್ಲಿ, ತರಗತಿಯಲ್ಲಿ ಮಾತಾಡುವ ಅದೇ ದನಿಯಲ್ಲಿ, ತಾನು ಪಾಲಿಟೆಕ್ನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸುತ್ತಿರುವವಳು ಅಂತ ಹೇಳಿದಳು. ಈ ಹಾಳೆಯನ್ನು ನೋಡಲು ಹತ್ತು ನಿಮಿಷ ಬೇಕು ಅಂದಳು. ಹತ್ತು ನಿಮಿಷ ಆದ ಮೇಲೆ ಅಪ್ಪ ಸಹಿ ಹಾಕುವುದಾದರೆ ಪೆನ್ನು ತಾನೇ ಕೈಗೆ ಕೊಡುತ್ತೇನೆ ಅಂದಳು.

ಪಳನಿಸಾಮಿ ಗಡಿಯಾರ ನೋಡಿದರು. ಒಂದು ಗಂಟೆಗೆ ಪೋತ್ತನೂರಿನಲ್ಲಿ ಇನ್ನೊಂದು ವಿಚಾರಣೆ ಇತ್ತು. ಆದರೂ ಅವರು ಆತುರದ ಮನುಷ್ಯ ಅಲ್ಲ. ಕುರ್ಚಿಯನ್ನು ಹಿಂದಕ್ಕೆ ಸರಿಸಿ, ನೋಡಿ ಟೀಚರ್, ಅಂತ ಕೈ ತೋರಿಸಿದರು.

ಹಾಳೆ ಬಿಚ್ಚಿಕೊಂಡಿತು. ನಾಲ್ಕು ಮೂಲೆಗೆ ನಾಲ್ಕು ದೊಡ್ಡ ನಟ್ಟುಗಳನ್ನಿಟ್ಟಳು.

ಹಳೆಯ ಟ್ರೇಸಿಂಗ್ ಕಾಗದ, ಅಂಚು ಕಂದಿತ್ತು. ಎಡಗಡೆ ಕೇಸಿಂಗನ್ನು ನಡುವೆ ಸೀಳಿದಂತೆ ತೋರಿಸುವ ಎದುರು ನೋಟ. ಗೋಡೆಯ ದಪ್ಪ ಕಾಣುವುದು ಅದರಲ್ಲೇ. ಅಲ್ಲಿ ಹನ್ನೆರಡು ಅಂತ ದಪ್ಪಗೆ ಬರೆದಿತ್ತು. ಬಲಗಡೆ ಪಕ್ಕದ ನೋಟ. ಅದು ಹೊರಮೈ ಮಾತ್ರ, ದುಂಡಗಿನ ಬಾಯಿ, ಅದರ ಸುತ್ತ ಎಂಟು ಬೋಲ್ಟ್ ತೂತು. ಮೂಲೆಯಲ್ಲಿ ಶಣ್ಮುಗಂ ಸಹಿ. ಗೆರೆ ಎಲ್ಲೂ ನಡುಗಿರಲಿಲ್ಲ. ಮಸಿ ಎಲ್ಲೂ ಚೆಲ್ಲಿರಲಿಲ್ಲ.

ಸರಿಯಾಗಿಯೇ ಇತ್ತು. ತುಂಬಾ ಸರಿಯಾಗಿಯೇ ಇತ್ತು.

ಅವಳು ಹಾಳೆಯಿಂದ ಕಣ್ಣೆತ್ತಿದಳು. ಗೋಡೆಯ ಮೇಲಿನ ಮುರುಗನನ್ನು ನೋಡಿದಳು. ಬೇಡಿಕೊಳ್ಳಲಿಲ್ಲ. ಬೇಡಲು ಹೊತ್ತೂ ಇರಲಿಲ್ಲ. ನೀನು ಅಲ್ಲೇ ಇದ್ದುಕೊಂಡು ನೋಡುತ್ತಿರು, ಸಾಕು, ಅಂದುಕೊಂಡಳು.

ಆಗ ನೆನಪಿಗೆ ಬಂದದ್ದು ಕಿಣತ್ತುಕಡವಿನ ಅಜ್ಜಿ ಮನೆಯ ದನದ ಕೊಟ್ಟಿಗೆ.

ಅವಳಿಗೆ ಒಂಬತ್ತು ವರ್ಷ. ಅಪ್ಪ ರಜೆಗೆ ಬಂದಿದ್ದರು. ಕೊಟ್ಟಿಗೆಯ ಒಂದು ಮೂಲೆಯನ್ನು ಗುಡಿಸಿ, ಅಲ್ಲಿ ಮರದ ಪ್ಯಾಟರ್ನ್ ಒಂದನ್ನು ಕಲ್ಲಿನ ಮೇಲೆ ಇಟ್ಟರು. ಹಿಂದೆ ಒಂದು ಗೋಡೆ, ಬಲಕ್ಕೆ ಒಂದು ಗೋಡೆ, ಕೆಳಗೆ ಸಗಣಿ ಸಾರಿಸಿದ ನೆಲ. ಮಗಳ ಕೈಗೆ ಇದ್ದಿಲು ಕೊಟ್ಟರು. ಎದುರು ನಿಂತು ಕಂಡದ್ದನ್ನು ಹಿಂದಿನ ಗೋಡೆಗೆ ಬರಿ. ಎಡಗಡೆಯಿಂದ ಕಂಡದ್ದನ್ನು ಬಲದ ಗೋಡೆಗೆ ಬರಿ. ಮೇಲಿನಿಂದ ಕಂಡದ್ದನ್ನು ನೆಲಕ್ಕೆ ಬರಿ. ಬರೆದಾದ ಮೇಲೆ ಪ್ಯಾಟರ್ನನ್ನು ಎತ್ತಿಕೊಂಡು ಹೋಗಿ ಬಾವಿಕಟ್ಟೆಯ ಮೇಲಿಟ್ಟು ಬಂದರು.

ಈಗ ಇಲ್ಲಿ ಏನಿದೆ, ಅಂತ ಕೇಳಿದರು. ಏನೂ ಇಲ್ಲ, ಅಂದಳು. ಇದೆ, ಅಂದರು ಅಪ್ಪ. ಮೂರು ಸಾಕ್ಷಿ ಇದಾವೆ. ಗೋಡೆಗಳನ್ನ ಬಾಗಿಲು ತೆಗೆದ ಹಾಗೆ ಬಿಚ್ಚಿ ಹಾಸು, ಮೂರೂ ಒಂದೇ ಹಾಳೆಗೆ ಬಂದವು. ಆದರೆ ಒಂದು ಗೋಡೆಯಲ್ಲಿ ಎಷ್ಟು ಎತ್ತರ ಇದೆಯೋ ಪಕ್ಕದ ಗೋಡೆಯಲ್ಲೂ ಅಷ್ಟೇ ಇರಬೇಕು. ಇಲ್ಲದಿದ್ದರೆ ಇಬ್ಬರಲ್ಲಿ ಒಬ್ಬ ನೋಡಿದ್ದನ್ನ ಹೇಳ್ತಿಲ್ಲ ಅಂತ ತಿಳ್ಕೋ.

ಜಯಪ್ರಿಯಾ ತನ್ನ ಚೀಲದಿಂದ ಎರಡು ಸೆಟ್‌ಸ್ಕ್ವೇರ್ ತೆಗೆದಳು.

ಪಳನಿಸಾಮಿಗೆ ತಿಳಿಯಬೇಕಿತ್ತು. ಅವಳು ಮೇಜಿನ ಮೇಲಿದ್ದ ಬೇರಿಂಗಿನ ರಟ್ಟಿನ ಡಬ್ಬವನ್ನು ಎಳೆದುಕೊಂಡಳು. ಅದರ ಒಂದು ಅಂಚನ್ನು ಬ್ಲೇಡಿನಿಂದ ಸೀಳಿ, ಹಿಂದಿನ ಮಗ್ಗುಲು, ಬಲದ ಮಗ್ಗುಲು ಎರಡನ್ನೂ ಚಪ್ಪಟೆಯಾಗಿ ಬಿಡಿಸಿ ತೋರಿಸಿದಳು. ನೋಡಿ ಸಾರ್, ಡ್ರಾಯಿಂಗ್ ಅಂದರೆ ಇಷ್ಟೇ, ಅಂದಳು. ಒಳಗೆ ಇದ್ದ ವಸ್ತು ಒಂದೇ. ಎರಡು ಮಗ್ಗುಲಿನ ಮೇಲೆ ಎರಡು ನೋಟ. ಎದುರು ನೋಟದ ನೆತ್ತಿಯಿಂದ ಅಡ್ಡಲಾಗಿ ಒಂದು ಗೆರೆ ಎಳೆದರೆ ಅದು ಪಕ್ಕದ ನೋಟದ ನೆತ್ತಿಗೇ ಹೋಗಿ ಮುಟ್ಟಬೇಕು. ಬೇರೆ ದಾರಿಯೇ ಇಲ್ಲ.

"ಟೀಚರಮ್ಮ ಪಾಠ ಶುರು ಮಾಡಿದ್ರು," ಅಂದರು ದೀನದಯಾಳನ್, ಯಾರಿಗೂ ಅಲ್ಲದಂತೆ. "ಅಟೆಂಡೆನ್ಸ್ ತಗೊಳ್ಳೋದು ಮರೆತ್ರು."

"ನೀವು ಬಂದಿದ್ದೀರಿ ಅಂತ ಬರ್ಕೊಂಡೆ ಸಾರ್. ಪಾಸಾಗೋದು ಆಮೇಲೆ ನೋಡೋಣ."

ಪಳನಿಸಾಮಿಯ ಮೀಸೆಯಡಿ ಏನೋ ಅಲುಗಿತು. ಕನ್ನಡ ಬಾರದಿದ್ದರೂ ಯಾರು ಯಾರಿಗೆ ಕುಟ್ಟಿದರು ಅನ್ನುವುದು ತಿಳಿಯುತ್ತದೆ.

ಅವಳು ಮೊದಲು ತಳದ ಗೆರೆಗೆ ಸೆಟ್‌ಸ್ಕ್ವೇರ್ ಹಿಡಿದಳು. ಎದುರು ನೋಟದ ತಳ, ಪಕ್ಕದ ನೋಟದ ತಳ, ಎರಡೂ ಒಂದೇ ಗೆರೆಯಲ್ಲಿ ಕೂತವು. ಇನ್ನೊಂದನ್ನು ಅದಕ್ಕೆ ಆನಿಸಿ ಮೆಲ್ಲನೆ ಮೇಲಕ್ಕೆ ಸರಿಸಿದಳು. ಎದುರು ನೋಟದ ನೆತ್ತಿಯ ಹತ್ತಿರ ನಿಲ್ಲಿಸಿದಳು. ಅಲ್ಲಿಂದ ಕಣ್ಣನ್ನು ಬಲಕ್ಕೆ ಒಯ್ದಳು.



"ಸಾರ್, ನೀವೇ ಬಗ್ಗಿ ನೋಡಿ," ಅಂದಳು.

ಪಳನಿಸಾಮಿ ಎದ್ದು ಬಂದು ಬಗ್ಗಿದರು. ಎದುರು ನೋಟದ ನೆತ್ತಿಯಿಂದ ಹೊರಟ ಅಂಚು ಪಕ್ಕದ ನೋಟದ ನೆತ್ತಿಯನ್ನು ಮುಟ್ಟಲಿಲ್ಲ. ಅದರ ಮೇಲೆ, ಅಕ್ಕಿ ಕಾಳು ಅಡ್ಡ ಇಟ್ಟಷ್ಟು ಬಿಡುವು ಬಿಟ್ಟು ಹೋಗಿತ್ತು. ತಮ್ಮ ಬ್ಯಾಗಿನಿಂದ ಸ್ಟೀಲ್ ಸ್ಕೇಲು ತೆಗೆದು ಅವರೇ ಅಳೆದರು. ಮೂರು ಮಿಲಿಮೀಟರ್. ಎರಡೂ ನೋಟದಲ್ಲಿ ಎತ್ತರ ಮುನ್ನೂರು ಅಂತಲೇ ಬರೆದಿತ್ತು. ಪಕ್ಕದ ನೋಟ ಅಳತೆಗೆ ಮುನ್ನೂರೇ ಬಂತು. ಎದುರು ನೋಟ ಮುನ್ನೂರ ಮೂರು ಬಂತು.

ದೀನದಯಾಳನ್ ಎದ್ದು ಬರಲಿಲ್ಲ. ಕೂತಲ್ಲಿಂದಲೇ, ಇದು ಹಳೆಯ ಕಾಗದ, ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಕಾಗದದ ಮೇಲೆ ಅಳೆಯಬಾರದು, ಬರೆದ ಅಂಕಿ ಓದಬೇಕು ಅಂತ ಯಾವ ಕಾರ್ಖಾನೆಯ ಡ್ರಾಯಿಂಗಿನಲ್ಲೂ ಬರೆದಿರುತ್ತದೆ, ಅಂತ ತಮಿಳಿನಲ್ಲಿ ಹೇಳಿದರು. ಮಾತು ನ್ಯಾಯವಾಗಿಯೇ ಇತ್ತು. ಪಳನಿಸಾಮಿ ಹೌದು ಅನ್ನುವಂತೆ ತಲೆಯಾಡಿಸಿದರು.

ಜಯಪ್ರಿಯಾಳೂ ತಲೆಯಾಡಿಸಿದಳು. "ಒಂದೇ ಹಾಳೆ ಸಾರ್. ಎಡಗಡೆ ಅರ್ಧ ಹಿಗ್ಗಿ, ಬಲಗಡೆ ಅರ್ಧ ಸುಮ್ಮನೆ ಕೂತಿತ್ತಾ?"

ಯಜಮಾನರ ಬಳಿ ಅದಕ್ಕೂ ಒಂದು ಮಾತಿತ್ತು. ಶಣ್ಮುಗಂಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು, ತಪ್ಪಿರಬಹುದು.

ಅವಳು ಅದಕ್ಕೇ ಕಾದಿದ್ದಳು. ಡ್ರಾಯಿಂಗ್ ಬರೆಯುವವನು ಎರಡನೆಯ ನೋಟಕ್ಕೆ ಮತ್ತೆ ಅಳೆಯುವುದೇ ಇಲ್ಲ ಅಂತ ವಿವರಿಸಿದಳು. ಒಂದು ನೋಟ ಬರೆದು, ಅದರ ಗೆರೆಗಳನ್ನೇ ಟೀ-ಸ್ಕ್ವೇರ್ ಹಿಡಿದು ಪಕ್ಕಕ್ಕೆ ಎಳೆದುಕೊಳ್ಳುತ್ತಾನೆ. ಕಣ್ಣು ಮಂಜಾದರೂ, ಕೈ ನಡುಗಿದರೂ, ಎರಡು ನೋಟ ಮಾತ್ರ ಒಂದಕ್ಕೊಂದು ತಪ್ಪುವುದಿಲ್ಲ. ಇದನ್ನು ಬರೆದವನು ಹಾಗೆ ಎಳೆದಿಲ್ಲ. ಪಕ್ಕದ ನೋಟವನ್ನು ಯಾವುದೋ ಹಳೆಯ ಹಾಳೆಯ ಮೇಲೆ ಈ ಟ್ರೇಸಿಂಗ್ ಕಾಗದ ಹಾಸಿ ಹಾಗೇ ತೀಡಿದ್ದಾನೆ. ಸಹಿಯನ್ನೂ ಹಾಗೆಯೇ. ಯಾಕೆಂದರೆ ಅದರಲ್ಲಿ ಗೋಡೆಯ ದಪ್ಪ ಕಾಣುವುದಿಲ್ಲ, ಬದಲಾಯಿಸಬೇಕಾದ್ದು ಏನೂ ಇರಲಿಲ್ಲ. ಎದುರು ನೋಟದಲ್ಲಿ ದಪ್ಪ ಕಾಣುತ್ತದೆ. ಅದನ್ನು ಹೊಸದಾಗಿ ಬರೆಯಬೇಕಿತ್ತು. ತನ್ನ ಸ್ಕೇಲು ಹಿಡಿದು ಬರೆದಿದ್ದಾನೆ.

"ಸ್ಕೇಲಿನಲ್ಲಿ ಅಳೆದ್ರೆ ಮುನ್ನೂರು ಮುನ್ನೂರೇ ಅಲ್ವಾ ಟೀಚರ್?" ಅಂದರು ಪಳನಿಸಾಮಿ.

"ಎಲ್ಲಾ ಸ್ಕೇಲಲ್ಲೂ ಅಲ್ಲ ಸಾರ್."

ಅವಳು ಅವರ ಕೈಯಲ್ಲೇ ಅಳೆಸಿದಳು. ಎದುರು ನೋಟದಲ್ಲಿ ಇನ್ನೂರು ಅಂತ ಬರೆದ ಕಡೆ ಇನ್ನೂರ ಎರಡು ಬಂತು. ನೂರು ಅಂತ ಬರೆದ ಕಡೆ ನೂರ ಒಂದು. ನೂರಾ ಎಂಬತ್ತು ಇದ್ದದ್ದು ಇನ್ನೇನು ನೂರಾ ಎಂಬತ್ತೆರಡನ್ನು ಮುಟ್ಟುವಂತಿತ್ತು. ಕೈತಪ್ಪು ಆಗಿದ್ದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇರುತ್ತಿತ್ತು. ಇಲ್ಲಿ ನೂರಕ್ಕೆ ಒಂದು, ನೂರಕ್ಕೆ ಒಂದು, ಮಂತ್ರ ಹೇಳಿದಷ್ಟು ನಿಯಮವಾಗಿ.

ಈ ತಪ್ಪು ಅವಳಿಗೆ ಹಳೆಯ ಗುರುತು. ಡಿಪ್ಲೊಮಾದ ಮೊದಲ ವಾರ ಅವಳ ಸ್ಕೇಲು ಕಳೆದುಹೋಗಿತ್ತು. ಅಪ್ಪನ ಕೆಲಸದ ಬೆಂಚಿನ ಮೇಲೆ, ದೇವರ ಪಟದ ಪಕ್ಕದ ಮೊಳೆಗೆ ನೇತುಹಾಕಿದ್ದ ಉದ್ದನೆಯ ಉಕ್ಕಿನ ಸ್ಕೇಲನ್ನು ಕೇಳದೆ ತೆಗೆದು ತನ್ನ ಮೊದಲ ಹಾಳೆ ಬರೆದಿದ್ದಳು. ಮೇಷ್ಟ್ರು ಅಳೆದು ನೋಡಿ, ಎಲ್ಲವೂ ಚೂರು ಚೂರು ಉದ್ದ, ನಿನ್ನ ಕಣ್ಣಲ್ಲಿ ಏನು ಹಾಕಿಕೊಂಡು ಬಂದೆ, ಅಂತ ಹಾಳೆಗೆ ಅಡ್ಡಗೆರೆ ಹೊಡೆದಿದ್ದರು. ಅಳುತ್ತಾ ಮನೆಗೆ ಬಂದವಳನ್ನು ಅಪ್ಪ ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದ್ದರು: ಇದು ನಿಮ್ಮ ಸ್ಕೇಲಲ್ಲ ಅಮ್ಮಿಣಿ. ಕಬ್ಬಿಣ ಕಾದಾಗ ಹಿಗ್ಗಿರ್ತದೆ, ಆರಿದಾಗ ನೂರಕ್ಕೆ ಒಂದರಷ್ಟು ಕುಗ್ತದೆ. ಅದಕ್ಕೆ ಮರವನ್ನ ಅಷ್ಟು ದೊಡ್ಡದು ಮಾಡ್ಬೇಕು. ದಿನಾ ಲೆಕ್ಕ ಹಾಕ್ತಾ ಕೂರೋಕಾಗ್ತದಾ? ಅದಕ್ಕೆ ಸ್ಕೇಲಲ್ಲೇ ಆ ಹೆಚ್ಚಳ ಕೂರಿಸಿ ಗೀರಿರ್ತಾರೆ. ಇದರ ಮುನ್ನೂರು ಲೋಕದ ಮುನ್ನೂರ ಮೂರು.

ಅದನ್ನೇ ಅವಳು ಈಗ ಅಧಿಕಾರಿಗೆ ಹೇಳಿದಳು. ಪ್ಯಾಟರ್ನ್ ಮಾಡುವವರ ಬಳಿ ಬಿಟ್ಟರೆ ಆ ಸ್ಕೇಲು ಇನ್ನೆಲ್ಲೂ ಇರುವುದಿಲ್ಲ. ಡ್ರಾಯಿಂಗ್ ಬರೆಯುವವನು ಅದನ್ನು ಕೈಯಿಂದ ಮುಟ್ಟುವುದಿಲ್ಲ. ಆದರೆ ಪ್ಯಾಟರ್ನ್ ಮಾಡುವವನು ಜೀವಮಾನವೆಲ್ಲ ಅದೊಂದನ್ನೇ ಹಿಡಿದಿರುತ್ತಾನೆ. ಬೇರೆ ಸ್ಕೇಲು ಉಂಟು ಅನ್ನುವುದೇ ಕೈಗೆ ಮರೆತುಹೋಗಿರುತ್ತದೆ.

"ಆದ್ದರಿಂದ ಸಾರ್, ಇದು ಶಣ್ಮುಗಂ ಬರೆದದ್ದಲ್ಲ. ಏಳು ವರ್ಷ ಹಿಂದಿನದೂ ಅಲ್ಲ. ಕೇಸಿಂಗ್ ಒಡೆದ ಮೇಲೆ, ತಪ್ಪನ್ನ ನಮ್ಮಪ್ಪನ ತಲೆಗೆ ಕಟ್ಟೋಕೆ, ಯಾರೋ ಒಬ್ಬ ಪ್ಯಾಟರ್ನ್ ಕೆಲಸದವನ ಕೈಲಿ ಬರೆಸಿದ್ದು. ಬರೆಸಿದ್ದು ಯಾರು ಅಂತ ನೀವು ಈ ಕುರ್ಚಿಯಲ್ಲಿ ಕೂತಿರೋರನ್ನ ಕೇಳಿ."

ಮಾತು ಮುಗಿಸಿ ದೀನದಯಾಳನ್ ಮುಖ ನೋಡಿದಳು. ಅಲ್ಲಿ ಸಿಟ್ಟು ಇರುತ್ತದೆ, ಇಲ್ಲವೇ ಹೆದರಿಕೆ, ಅಂದುಕೊಂಡಿದ್ದಳು. ಎರಡೂ ಇರಲಿಲ್ಲ.

ಆ ಮನುಷ್ಯ ಬಾಯಿ ಅರ್ಧ ತೆರೆದುಕೊಂಡು ಹಾಳೆಯನ್ನೇ ನೋಡುತ್ತಿದ್ದರು. ಎದ್ದು ಬಂದು, ಅಳತೆಯ ಗುರುತು ಹಾಕಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಬೀರುವಿನಲ್ಲೇ ಇತ್ತಲ್ಲ," ಅಂದರು. ದನಿ ತನಗೆ ತಾನೇ ಕೇಳಿಕೊಂಡಂತಿತ್ತು. "ಬುಧವಾರ ಬೆಳಿಗ್ಗೆ ಬೀರು ತೆಗೆದೆ. ಮೇಲೇ ಇತ್ತು. ನಾನು ಮುರುಗನೇ ಕಣ್ಣು ಬಿಟ್ಟ ಅಂದ್ಕೊಂಡೆ."

ಹನ್ನೊಂದು ವರ್ಷ ತರಗತಿಯಲ್ಲಿ ನಿಂತವಳಿಗೆ ನಕಲು ಮಾಡಿ ಸಿಕ್ಕಿಬಿದ್ದವರ ಮುಖವೂ ಗೊತ್ತು, ಮಾಡದೆ ಸಿಕ್ಕಿಬಿದ್ದವರ ಮುಖವೂ ಗೊತ್ತು. ಇದು ಎರಡನೆಯದು. ಜಯಪ್ರಿಯಾಗೆ ಅದು ಹಿಡಿಸಲಿಲ್ಲ. ಗೆದ್ದ ಗಳಿಗೆಯಲ್ಲಿ ಕಾಲಿಗೆ ಸಣ್ಣ ಮುಳ್ಳು ಹತ್ತಿದಂತಾಯಿತು. ಅದನ್ನು ಕೊಡವಿಕೊಂಡಳು.

ಪಳನಿಸಾಮಿ ಟೈಪ್ ಮಾಡಿದ ಕಾಗದವನ್ನು ಎರಡು ಮಡಿಕೆ ಮಾಡಿ ತಮ್ಮ ಫೈಲಿನ ಕೊನೆಗೆ ಸೇರಿಸಿದರು. ಸದ್ಯಕ್ಕೆ ಇದಕ್ಕೆ ಸಹಿ ಬೇಡ, ಅಂದರು. ಪೋತ್ತನೂರಿಗೆ ಫೋನ್ ಮಾಡಿ ಇವತ್ತು ಬರಲಾಗುವುದಿಲ್ಲ ಅಂದರು. ಆಮೇಲೆ, ಗಣಪತಿ ಬಡಾವಣೆಯಲ್ಲಿ ಇಂಥ ಸ್ಕೇಲು ಇಟ್ಟುಕೊಂಡವರು ಈಗ ಎಷ್ಟು ಜನ ಇದ್ದಾರೆ ಟೀಚರ್, ಅಂತ ಕೇಳಿದರು.

ಹೆಚ್ಚು ಅಂದರೆ ಐದಾರು ಜನ ಇರಬಹುದು, ಅಂದಳು ಅವಳು. ಈಗ ಎಲ್ಲವೂ ಕಂಪ್ಯೂಟರಿನ ಮಿಷಿನ್ನಿನಲ್ಲೇ ಕಡೆಯುತ್ತಾರೆ, ಹಳಬರು ಉಳಿದಿಲ್ಲ. ಒಬ್ಬೊಬ್ಬರ ಬೆಂಚಿಗೂ ಹೋಗಿ ನೋಡೋಣ, ನಾನೇ ಬರುತ್ತೇನೆ.

ಅಪ್ಪನ ಕಡೆ ತಿರುಗಿ ನಕ್ಕಳು. ಇಷ್ಟು ದಿನದ ಮೇಲೆ ಬಂದ ನಗು.

ನಂಜುಂಡನ್ ನಗಲಿಲ್ಲ. ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದರು.

ಅವಳು ನಟ್ಟುಗಳನ್ನು ಎತ್ತಿಟ್ಟು, ಹಾಳೆಯನ್ನು ಸುತ್ತಿ ಅಧಿಕಾರಿಗೆ ಒಪ್ಪಿಸಲೆಂದು ಎರಡು ಕೈಯಲ್ಲಿ ಎತ್ತಿಕೊಂಡಳು. ಕಿಟಕಿಯ ಬೆಳಕು ಟ್ರೇಸಿಂಗ್ ಕಾಗದದ ಮೂಲಕ ಹಾದು ಬಂತು. ಮಸಿಯ ಗೆರೆಗಳೆಲ್ಲ ಬಿಸಿಲಲ್ಲಿ ತೇಲಿದವು.

ಮೇಲಿನ ಅಂಚಿನ ಗೆರೆಯ ಒಳಗೆ, ನಟ್ಟನಡುವೆ, ಬ್ಲೇಡಿನಿಂದ ಕೆರೆದ ಒಂದು ಜಾಗ ಕಂಡಿತು. ಉಗುರಿನಷ್ಟು. ಮೇಜಿನ ಮೇಲೆ ಹಾಸಿದಾಗ ಅದು ಕಾಣುವಂಥದ್ದಲ್ಲ. ಬೆಳಕಿಗೆ ಹಿಡಿದರೆ ಕೆರೆದ ಕಾಗದ ತೆಳುವಾಗಿ, ಒಳಗೆ ಪೆನ್ಸಿಲಿನ ಗೀರು ಉಳಿದದ್ದು ತೋರುತ್ತದೆ.

ಪಿಳ್ಳೈಯಾರ್ ಸುಳಿ.

ಅದರಲ್ಲೇನೂ ಹೆಚ್ಚಿನದಿಲ್ಲ. ಈ ಸೀಮೆಯಲ್ಲಿ ಮದುವೆಯ ಸಾಮಾನಿನ ಪಟ್ಟಿ ಬರೆಯಲಿ, ಪರೀಕ್ಷೆಯ ಉತ್ತರ ಬರೆಯಲಿ, ಮೊದಲು ಕಾಗದದ ನೆತ್ತಿಯಲ್ಲಿ ವಿನಾಯಕನ ಹೆಸರಿಗೆ ಆ ಸಣ್ಣ ಸುಳಿ ಸುತ್ತಿ, ಕೆಳಗೆ ಎರಡು ಗೆರೆ ಎಳೆದೇ ಮುಂದಿನ ಮಾತು. ಅಧಿಕಾರಿಯ ಫೈಲಿನ ಮೇಲೂ ಒಂದು ಇತ್ತು.

ಎಲ್ಲರೂ ಎಳೆಯುವುದು ಎರಡು ಗೆರೆ. ಇದರ ಕೆಳಗೆ ಮೂರಿದ್ದವು.

ಒಂದು ಮನೆದೇವರಿಗೆ, ಒಂದು ಕೆಲಸ ಕಲಿಸಿದವರಿಗೆ, ಒಂದು ಕಡಿಸಿಕೊಳ್ಳುವ ಮರಕ್ಕೆ. ಅಪ್ಪ ಬೆಂಚಿನ ಮೇಲೆ ಹಲಗೆ ಹಾಸಿ ಮೊದಲ ಗೆರೆ ಎಳೆಯುವ ಮುಂಚೆ, ಅವಳ ಪುಟ್ಟ ಬೆರಳನ್ನು ತಮ್ಮ ಬೆರಳೊಳಗೆ ಹಿಡಿದುಕೊಂಡು, ಹೀಗೇ ಮೂರು ಎಳೆಸುತ್ತಿದ್ದರು. ಬೇರೆ ಯಾರೂ ಹಾಗೆ ಎಳೆಯುವುದನ್ನು ಅವಳು ಇವತ್ತಿನವರೆಗೆ ಕಂಡಿರಲಿಲ್ಲ.

ಸುಳ್ಳು ಬರೆಯಲು ಕೂತಾಗಲೂ ಅಪ್ಪನಿಗೆ ಅದನ್ನು ಬಿಡಲಾಗಿರಲಿಲ್ಲ. ಬರೆದು ಮುಗಿಸಿದ ಮೇಲೆ ದೇವರನ್ನು ಕೆರೆದು ತೆಗೆಯಲು ನೋಡಿದ್ದರು. ಪೂರ್ತಿ ತೆಗೆಯಲು ಕೈ ಬಂದಿರಲಿಲ್ಲ.

ಹಾಳೆಯ ಆ ಬದಿಯಿಂದ ಅಪ್ಪ ಅವಳನ್ನೇ ನೋಡುತ್ತಿದ್ದರು. ತಲೆಯನ್ನು ಎಡಕ್ಕೆ, ಬಲಕ್ಕೆ, ಕಂಡೂ ಕಾಣದಷ್ಟು ಅಲ್ಲಾಡಿಸಿದರು. ಬೇಡ.

ಪಳನಿಸಾಮಿ ಬರೆದುಕೊಳ್ಳುತ್ತಿದ್ದರು. ಅವರಿಗೆ ಏನೂ ಕಂಡಿರಲಿಲ್ಲ. ಹಾಳೆಯನ್ನು ಸುತ್ತಿ ಕೊಟ್ಟುಬಿಟ್ಟರೆ ಮುಗಿಯಿತು. ಐದಾರು ಬೆಂಚು ಸುತ್ತಿ, ಯಾರೂ ಸಿಗದೆ, ಕೊನೆಗೆ ಕಡತ ದೀನದಯಾಳನ್ ಕೊರಳಿಗೇ ಬೀಳುತ್ತದೆ. ಅಪ್ಪ ಉಳಿಯುತ್ತಾರೆ. ಹೇಳಬೇಕಾದ್ದು ಏನೂ ಇಲ್ಲ, ಸುಮ್ಮನಿದ್ದರೆ ಸಾಕು.

ಅರ್ಧ ಮಿಲಿಮೀಟರ್ ತಪ್ಪಿದ್ದಕ್ಕೆ ಮಕ್ಕಳ ಹಾಳೆಗೆ ಅಡ್ಡಗೆರೆ ಹೊಡೆದವಳು ಅವಳು.

ಹಾಳೆಯನ್ನು ಸುತ್ತಲಿಲ್ಲ. ಮತ್ತೆ ಮೇಜಿನ ಮೇಲೆ ಹಾಸಿದಳು. ತಿರುಗಿ, ಅಪ್ಪನ ಎದುರಿಗೆ ನಿಂತಳು. ಯಜಮಾನನ ಮುಂದೆ ನಿಂತದ್ದಕ್ಕಿಂತ ನೆಟ್ಟಗೆ.

"ಯಾರಿಗೋಸ್ಕರ ಅಪ್ಪಾ?" ಅಂದಳು, ಮನೆಯ ಮಾತಿನಲ್ಲಿ.

ನಂಜುಂಡನ್ ಕನ್ನಡಕ ತೆಗೆದರು.

"ನಿನ್ನ ಮೇಲೆ ತಪ್ಪು ಬರೋ ಹಾಗೆ ನೀನೇ ಬರ್ದಿದೀಯ. ಹೆದರಿ ಬರೆಯೋನಲ್ಲ ನೀನು. ಯಾರಿಗೆ ಅಂತ ಹೇಳು. ಹೇಳೋವರೆಗೂ ನಾನು ಈ ಕೋಣೆ ಬಿಟ್ಟು ಹೋಗಲ್ಲ."

"ಕೇಳ್ಬೇಡ ಕಣ್ಣು," ಅಂದರು ಅಪ್ಪ. "ನಿಂಗೆ ಕೈಮುಗೀತೀನಿ."

ದೀನದಯಾಳನ್ ಅಪ್ಪನನ್ನೂ ಮಗಳನ್ನೂ ಒಮ್ಮೆ ನೋಡಿ, ಮತ್ತೊಮ್ಮೆ ನೋಡಿದರು. ಅವರ ಮುಖದಲ್ಲಿ ಮೆಲ್ಲಗೆ ಏನೋ ಮೂಡತೊಡಗಿತು.

ಆಗ ಗೋಡೆಯ ಕಡೆಯಿಂದ ದನಿ ಬಂತು. ಬೆಳಗಿನಿಂದ ಒಂದು ಮಾತೂ ಆಡದೆ ನಿಂತಿದ್ದ ಸಾಂತಿಯದು. ಅವಳ ಕಣ್ಣು ಯಾರ ಮೇಲೂ ಇರಲಿಲ್ಲ. ತಾನು ಹಚ್ಚಿದ ದೀಪದ ಮೇಲಿತ್ತು.

"ಅವರನ್ನ ಕೇಳ್ಬೇಡ ಜಯಾ. ಬೀರುವಿನಲ್ಲಿ ತಂದಿಟ್ಟೋಳು ನಾನು. ಬರೆದುಕೊಡಿ ಅಣ್ಣಾ ಅಂತ ಅವರ ಕಾಲು ಹಿಡ್ಕೊಂಡೋಳೂ ನಾನೇ. ಇಲ್ದಿದ್ರೆ ಒತ್ತಡ ಜಾಸ್ತಿ ಕೊಟ್ಟು ನನ್ನ ಗಂಡನೇ ಒಡೆದ ಅಂತ ಬರ್ದು, ಪರಿಹಾರ ಇಲ್ಲ ಅಂದ್ಬಿಡ್ತಿದ್ರು."

ಕನ್ನಡದಲ್ಲಿ ಹೇಳಿದಳು. ಮೆಲ್ಲಗೆ, ಆದರೆ ಒಂದೊಂದು ಮಾತೂ ಬಿಡಿಸಿ.

ಪಳನಿಸಾಮಿ ಬರೆಯುವುದನ್ನು ನಿಲ್ಲಿಸಿದರು. ಸತ್ತವನ ಹೆಂಡತಿ ಬಾಯಿಬಿಟ್ಟಳು ಅನ್ನುವಷ್ಟು ಅವರಿಗೆ ತಿಳಿಯಿತು. ಏನು ಹೇಳಿದಳು ಅನ್ನುವುದು ತಿಳಿಯಲಿಲ್ಲ. ಹೊಸ ಹಾಳೆ ತಿರುವಿ, ಪೆನ್ನು ಸಿದ್ಧ ಮಾಡಿಕೊಂಡು ಜಯಪ್ರಿಯಾಳ ಕಡೆ ನೋಡಿದರು.

"ಆ ಅಮ್ಮ ಏನೋ ಹೇಳಿದ್ರಲ್ಲ. ತಮಿಳಲ್ಲಿ ಹೇಳಿ ಟೀಚರ್, ಬರ್ಕೋತೀನಿ."

ದೀನದಯಾಳನ್ ಬಾಯಿ ತೆರೆದರು.

"ನಾನು ಹೇಳ್ತೀನಿ ಸಾರ್," ಅಂದಳು ಜಯಪ್ರಿಯಾ, ಅವರಿಗಿಂತ ಮೊದಲು. ಅವಳ ಅಂಗೈ ಮತ್ತೆ ಬೆರಳು ಬಿಡಿಸಿಕೊಂಡು ಕಾಗದದ ಮೇಲೆ ಕೂತಿತ್ತು. ಈ ಸಲ ಡ್ರಾಯಿಂಗಿನ ನೆತ್ತಿಯಲ್ಲಿ, ಆ ಮೂರು ಗೆರೆಗಳ ಮೇಲೆ.